ಬಾಯಲ್ಲೇ ನಿಲ್ಲಬೇಕಾದ ಹೊಗೆ

ಬೀಡಿಯ ರೂಢಿ ಇದ್ದವರು ಮೊದಲ ಸಲ ಸಿಗಾರ್ ಕೈಗೆತ್ತಿಕೊಂಡಾಗ ಎಡವುವುದು ಒಂದೇ ಕಡೆ. ಹೊಗೆಯನ್ನು ಎದೆಗೆ ಎಳೆದುಬಿಡುತ್ತಾರೆ. ನಾಲ್ಕೈದು ದಮ್ಮಿಗೆ ತಲೆ ಗಿರ್ರನೆ ತಿರುಗುತ್ತದೆ, ಹಣೆ ತಣ್ಣಗೆ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ‘ಭಾಳ ಕಡಕ್ ಐತಿ ಬಿಡೋ’ ಎಂದು ಪಕ್ಕಕ್ಕಿಡುತ್ತಾರೆ. ಕಡಕ್ ಇರುವುದು ನಿಜ, ಆದರೆ ತೊಂದರೆ ಬಂದದ್ದು ಸೇದಿದ ರೀತಿಯಿಂದ. ಸಿಗಾರಿನ ಹೊಗೆ ಬಾಯಲ್ಲಿ ನಿಂತು ಅಲ್ಲಿಂದಲೇ ಹೊರಗೆ ಹೋಗಬೇಕು. ಎಂಥದನ್ನು ಆರಿಸಬೇಕು, ಎಲ್ಲಿ ಕತ್ತರಿಸಬೇಕು, ಎಷ್ಟು ಹೊತ್ತಿಗೊಮ್ಮೆ ಎಳೆಯಬೇಕು ಎಂಬುದೆಲ್ಲ ಈ ಒಂದು ಸಂಗತಿಗೆ ಹೊಂದಿಕೊಂಡೇ ಇದೆ.

ಕಾರಣ ಎಲೆಯನ್ನು ಒಣಗಿಸುವ ಬಗೆಯಲ್ಲಿದೆ, ಅದನ್ನು ತಿಳಿಯಲು ಕರ್ನಾಟಕದಿಂದ ಆಚೆ ಹೋಗಬೇಕಿಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವುದು ಸಿಗರೇಟಿನ ಹೊಗೆಸೊಪ್ಪು. ಅದನ್ನು ಮುಚ್ಚಿದ ಬ್ಯಾರನ್ನಿನೊಳಗೆ ಕೊಳವೆಯ ಬಿಸಿಯಲ್ಲಿ ಕೆಲವೇ ದಿನದಲ್ಲಿ ಒಣಗಿಸುತ್ತಾರೆ. ಬೇಗ ಒಣಗುವುದರಿಂದ ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ, ಸುಟ್ಟಾಗ ಹೊಗೆ ಆಮ್ಲೀಯವಾಗುತ್ತದೆ. ಆಮ್ಲೀಯ ಹೊಗೆಯಲ್ಲಿನ ನಿಕೋಟಿನ್ ಬಾಯಿಯ ಒಳಚರ್ಮದಿಂದ ಹೆಚ್ಚು ಒಳಗೆ ಇಳಿಯದು, ಅದಕ್ಕೇ ಸಿಗರೇಟು ಸೇದುವವರು ಎದೆಗೆ ಎಳೆಯುತ್ತಾರೆ. ಸಿಗಾರಿನ ಎಲೆಯ ದಾರಿ ಬೇರೆ. ಅದನ್ನು ನೆರಳಿನ ಕೊಟ್ಟಿಗೆಯಲ್ಲಿ ತೂಗುಹಾಕಿ ವಾರಗಟ್ಟಲೆ ಗಾಳಿಗೆ ಒಣಗಿಸುತ್ತಾರೆ. ಅಷ್ಟು ಹೊತ್ತಿಗೆ ಎಲೆಯ ಸಕ್ಕರೆ ಬಹುಪಾಲು ಖರ್ಚಾಗಿರುತ್ತದೆ. ಆಮೇಲೆ ದೊಡ್ಡ ದೊಡ್ಡ ಒಟ್ಟಿಲು ಹಾಕಿ ಒಳಗಿನ ಕಾವಿನಲ್ಲೇ ಹುದುಗಿಸುತ್ತಾರೆ. ಕಟುವಾದ ಅಮೋನಿಯಾ ಹೊರಗೆ ಹೋಗಿ, ಬಣ್ಣ ಗಾಢವಾಗಿ, ಪರಿಮಳ ಕೂಡಿಕೊಳ್ಳುವುದು ಈ ಹಂತದಲ್ಲಿ. ಈ ಎಲೆಯ ಹೊಗೆ ಕ್ಷಾರೀಯ. ಅದರ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಎದೆಗೆ ಎಳೆದರೆ ಎರಡು ಕಡೆಯಿಂದಲೂ ಸೇರಿದ ಹಾಗಾಯಿತು.

ಪ್ರಮಾಣವನ್ನೂ ನೋಡಿ. ಒಂದು ಬೀಡಿಯಲ್ಲಿ ಇರುವುದು ಕಾಲು ಗ್ರಾಂ ಆಸುಪಾಸು ತಂಬಾಕು. ಹೆಚ್ಚಾಗಿ ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ ಕಡೆಯ ಬಿಸಿಲಿಗೆ ಒಣಗಿದಂಥ ಪುಡಿ ಅದು. ಸಿಗರೇಟಿನಲ್ಲಿ ಒಂದು ಗ್ರಾಮಿಗೂ ಕಡಿಮೆ. ದೊಡ್ಡ ಸಿಗಾರಿನಲ್ಲಿ 5 ಗ್ರಾಂನಿಂದ 17 ಗ್ರಾಂವರೆಗೂ ಇರುತ್ತದೆ. ಬೀಡಿ ಮುಗಿಯುವಷ್ಟು ಹೊತ್ತಿನಲ್ಲಿ ಇದನ್ನು ಮುಗಿಸಲು ಹೊರಟರೆ ಮೈ ಒಪ್ಪುವುದಿಲ್ಲ.

ನಮ್ಮ ವಿಜಯಪುರದವರಿಗೆ, ಅಂದರೆ ಹಿಂದಿನ ಬಿಜಾಪುರದವರಿಗೆ, ಈ ಎಲೆ ಹೊಸದಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್, ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಬಿಜಾಪುರಕ್ಕೆ ಬಂದಿದ್ದ. ಸುಲ್ತಾನನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಕೊಡುವ ಮದುವೆಯ ಕೆಲಸ ಅದು. ಉತ್ತರದಲ್ಲಿ ತಾನು ಕಂಡೇ ಇರದ ತಂಬಾಕು ಅವನಿಗೆ ಇಲ್ಲಿ ಸಿಕ್ಕಿತು. ಪೋರ್ಚುಗೀಸರು ಗೋವೆಯಲ್ಲಿ ನೆಲೆಸಿ ಆಗಲೇ ಸುಮಾರು ತೊಂಬತ್ತು ವರ್ಷ ಕಳೆದಿತ್ತು, ಎಲೆ ಘಟ್ಟ ಹತ್ತಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಅಸದ್ ಬೇಗ್ ರತ್ನ ಕೂರಿಸಿದ ಉದ್ದನೆಯ ಕೊಳವೆ ಮಾಡಿಸಿ, ಆದಿಲ್ ಶಾಹ ಕೊಟ್ಟಿದ್ದ ವೀಳ್ಯದ ಚೀಲದಲ್ಲಿ ತಂಬಾಕು ತುಂಬಿ ಆಗ್ರಾಕ್ಕೆ ಒಯ್ದ. ಅಕ್ಬರ್ ಕುತೂಹಲದಿಂದ ಬಾಯಿಗಿಟ್ಟ. ವೈದ್ಯ ಬೇಡವೆಂದ. ತಂದವನ ಮನಸ್ಸು ನೋಯಬಾರದೆಂದು ಬಾದಶಹ ಎರಡು ಮೂರು ದಮ್ಮು ಎಳೆದು ಬಿಟ್ಟ, ಚಟ ಮಾಡಿಕೊಳ್ಳಲಿಲ್ಲ. ಆ ಹಕೀಮನ ವಾದ ಸರಳವಾಗಿತ್ತು: ನಮ್ಮ ಗ್ರಂಥಗಳಲ್ಲಿ ಇಲ್ಲದ, ಪರೀಕ್ಷಿಸದ ವಸ್ತುವಿನ ಗುಣವನ್ನು ಹೇಗೆ ಹೇಳಲಿ? ಆಸ್ಥಾನದ ಅಮೀರರು ಕೇಳಲಿಲ್ಲ, ವ್ಯಾಪಾರಿಗಳು ಮಾರಾಟಕ್ಕಿಳಿದರು. 1617ರಲ್ಲಿ ಜಹಾಂಗೀರ್ ನಿಷೇಧಿಸಿದರೂ ಅದು ನಿಲ್ಲಲಿಲ್ಲ. ಈ ಪ್ರಸಂಗದಲ್ಲಿ ನನಗೆ ಸರಿ ಕಾಣುವುದು ಹಕೀಮನೇ. ಹೊಸಬರಿಗೆ ಅಕ್ಬರನ ಪ್ರಮಾಣವೂ ಒಳ್ಳೆಯ ಮಾದರಿ.

ಇನ್ನು ಆಯ್ಕೆ. ಸಿಗಾರಿನಲ್ಲಿ ಮೂರು ಪದರ. ಒಳಗೆ ಮಡಿಚಿ ಸೇರಿಸಿದ ಎಲೆಗಳು, ಅವನ್ನು ಹಿಡಿದಿಡುವ ಕಟ್ಟೆಲೆ, ಎಲ್ಲದರ ಮೇಲೆ ನಯವಾದ ಹೊರ ಎಲೆ. ಒಳ ಎಲೆ ಗಿಡದ ಯಾವ ಭಾಗದ್ದು ಎಂಬುದರ ಮೇಲೆ ಕಡಕ್ಕುತನ ನಿಂತಿದೆ. ಬಿಸಿಲು ಚೆನ್ನಾಗಿ ಉಂಡ ತುದಿಯ ದಪ್ಪ ಎಲೆ ಅತಿ ಜೋರು, ಅದಕ್ಕೆ ಲಿಹೇರೊ ಎನ್ನುತ್ತಾರೆ. ನಡುವಿನದು ಸೆಕೊ, ಪರಿಮಳ ಅದರದು. ಬುಡದ್ದು ವೊಲಾಡೊ, ಅದು ಸೌಮ್ಯ, ಚೆನ್ನಾಗಿ ಹೊತ್ತಿ ಉರಿಯುತ್ತದೆ. ಹೊರ ಎಲೆಯ ಬಣ್ಣ ನೋಡಿ ಜೋರನ್ನು ಅಳೆಯಬೇಡಿ. ಕಡುಕಂದು ಬಣ್ಣದ ಮಡುರೊ ಎಷ್ಟೋ ಸಲ ಸಿಹಿಯಾಗಿ, ಮೆತ್ತಗೆ ಇರುತ್ತದೆ. ಅಂಗಡಿಯವನಿಗೆ ‘ಸೌಮ್ಯವಾದದ್ದು ಬೇಕು, ಇದು ಮೊದಲ ಸಲ’ ಎಂದು ನೇರವಾಗಿ ಹೇಳುವುದೇ ಒಳ್ಳೆಯದು. ಕನೆಟಿಕಟ್ ಎಂಬ ತೆಳು ಬಣ್ಣದ ಹೊರ ಎಲೆಯ ಡೊಮಿನಿಕನ್ ಸಿಗಾರನ್ನು ಅನೇಕರು ಹೊಸಬರಿಗೆ ಕೊಡುತ್ತಾರೆ, ನಾನೂ ಅದನ್ನೇ ಹೇಳುತ್ತೇನೆ. ನಿಕರಾಗುವಾದ ಎಲೆ ಸಾಮಾನ್ಯವಾಗಿ ಇದಕ್ಕಿಂತ ಖಾರ, ಅದು ಆಮೇಲೆ.

ಅಳತೆಯನ್ನು ಉದ್ದದಲ್ಲಿ ಇಂಚು, ದಪ್ಪದಲ್ಲಿ ಇಂಚಿನ 64ನೇ ಭಾಗ ಎಂದು ಹೇಳುತ್ತಾರೆ. 5 × 50 ಎಂದರೆ ಐದು ಇಂಚು ಉದ್ದ, ಸುಮಾರು 20 ಮಿಲಿಮೀಟರ್ ದಪ್ಪ. ಇದಕ್ಕೆ ರೊಬುಸ್ಟೊ ಎಂದು ಹೆಸರು, ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. 5 × 42ರ ಪೆಟಿಟ್ ಕೊರೊನಾ ಅರ್ಧ ಗಂಟೆಯದು. ಮೊದಲ ಸಲಕ್ಕೆ ಪೆಟಿಟ್ ಕೊರೊನಾ ಸಾಕು. ಏಳು ಇಂಚಿನ ಚರ್ಚಿಲ್ ಫೋಟೋದಲ್ಲಿ ಚೆಂದ ಕಾಣುತ್ತದೆ, ಹೊಸಬರಿಗೆ ಅದು ಅರ್ಧದಲ್ಲೇ ಬೇಸರ ತರುತ್ತದೆ.

ನಮ್ಮ ದೇಶದ್ದೇ ಬೇಕೆಂದರೆ ತಮಿಳುನಾಡಿನ ಕಡೆ ನೋಡಬೇಕು. ತಿರುಚಿರಾಪಳ್ಳಿಯ ಚುಟ್ಟಾ ಬ್ರಿಟಿಷರ ಕಾಲದಲ್ಲಿ ಎಷ್ಟು ಹೆಸರುವಾಸಿಯಾಗಿತ್ತೆಂದರೆ, 1887ರ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಪತ್ತೇದಾರ ಅದರ ಬೂದಿಯನ್ನು ನೋಡಿ ಗುರುತು ಹಿಡಿಯುತ್ತಾನೆ. ದಿಂಡಿಗಲ್ ಸೀಮೆಯೂ ಸಿಗಾರಿಗೆ ಹೆಸರಾದದ್ದು. ಆಂಧ್ರದಲ್ಲಿ ಗೋದಾವರಿಯ ನಡುಗಡ್ಡೆಗಳ ಲಂಕಾ ತಂಬಾಕನ್ನು ಚುಟ್ಟಾಕ್ಕೆ ಬಳಸುತ್ತಾರೆ. ಚುಟ್ಟಾದ ಎರಡೂ ತುದಿ ಮೊದಲೇ ಕತ್ತರಿಸಿರುತ್ತದೆ, ಕಟ್ಟರ್ ಬೇಕಿಲ್ಲ. ಆದರೆ ಎಲೆ ಒರಟು, ರುಚಿ ಜೋರು. ಮೊದಲಿಗೆ ಅದನ್ನು ನಾನು ಹೇಳಲಾರೆ.

ಕೊಳ್ಳುವಾಗ ಬೆರಳಲ್ಲಿ ಹಗುರಾಗಿ ಒತ್ತಿ ನೋಡಿ. ಸ್ವಲ್ಪ ಬಗ್ಗಿ ಮತ್ತೆ ಮೊದಲಿನ ಹಾಗಾಗಬೇಕು. ಚರಚರ ಎಂದರೆ ಒಣಗಿದೆ, ಅಲ್ಲಲ್ಲಿ ಮೆದುವಾಗಿ ಕುಸಿದರೆ ಸುತ್ತುವಾಗ ಎಲೆ ಸರಿಯಾಗಿ ತುಂಬಿಲ್ಲ. ಹೊರ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಒಳಗೆ ಹುಳ ಇರಬಹುದು. ಉದ್ದನೆಯ ಇಡೀ ಎಲೆ ಸುತ್ತಿದ್ದೋ, ಚೂರು ತುಂಬಿದ್ದೋ ಎಂದು ಕೇಳಿ. ಚೂರಿನದು ಬೇಗ ಬಿಸಿಯಾಗಿ ನಾಲಿಗೆ ಸುಡುತ್ತದೆ.

ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿ ಸೀಮೆಯ ಕನ್ನೊಳ್ಳಿಯಂಥ ಊರಿನ ಪಾನ್ ಅಂಗಡಿಯಲ್ಲಿ ಇಂಥದ್ದು ಸಿಗದು. ಸಿಂದಗಿ ಸೀಮೆಯಿಂದ ದುಡಿಯಲು ಹೋದವರು ಇರುವ ಪುಣೆ, ಗೋವಾ, ಬೆಂಗಳೂರಿನ ತಂಬಾಕು ಅಂಗಡಿಗಳಲ್ಲಿ, ಇಲ್ಲವೇ ವಿಮಾನ ನಿಲ್ದಾಣದ ಸುಂಕವಿಲ್ಲದ ಮಳಿಗೆಯಲ್ಲಿ ಸಿಗುತ್ತದೆ. ಕಾನೂನು ಪ್ರಕಾರ ಮಾರುವ ಪೆಟ್ಟಿಗೆಯ ಮೇಲೆ ಭಾರತದ ಚಿತ್ರಸಹಿತ ಆರೋಗ್ಯ ಎಚ್ಚರಿಕೆ ಇರಲೇಬೇಕು. ಅದಿಲ್ಲದ ಮಾಲು ಕಳ್ಳದಾರಿಯಲ್ಲಿ ಬಂದಿರಬಹುದು. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕ್ಯೂಬಾದ್ದೆಂದು ಅಗ್ಗಕ್ಕೆ ಕೊಡಬಂದರೆ ಮುಟ್ಟಬೇಡಿ, ಅದು ನಕಲಿ. ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1000 ರೂಪಾಯಿವರೆಗೆ ಏರಿದೆ.

ಸೇದುವ ಹೊತ್ತು ಊಟದ ನಂತರವೇ ಇರಲಿ. ಖಾಲಿ ಹೊಟ್ಟೆಯಲ್ಲಿ ನಿಕೋಟಿನ್ ಬೇಗ ತಲೆಗೇರುತ್ತದೆ. ಬಯಲಿನಲ್ಲಿ, ಮಕ್ಕಳು ಮತ್ತು ಬಸುರಿಯರು ಇಲ್ಲದ ಕಡೆ, ಒಂದು ತಂಬಿಗೆ ನೀರು ಪಕ್ಕಕ್ಕಿಟ್ಟುಕೊಂಡು ಕೂಡಿ. ಸಿಗಾರಿನ ಮುಚ್ಚಿದ ತುದಿಯಲ್ಲಿ ಚಿಕ್ಕ ಟೋಪಿ ಅಂಟಿಸಿರುತ್ತಾರೆ. ಅದರ ಕೆಳಗೆರೆಗಿಂತ ಮೇಲೆಯೇ, 2 ಮಿಲಿಮೀಟರಿನಷ್ಟು, ಒಂದೇ ಏಟಿಗೆ ಕತ್ತರಿಸಿ. ಗೆರೆ ದಾಟಿದರೆ ಹೊರ ಎಲೆ ಬಿಚ್ಚಿಕೊಳ್ಳುತ್ತದೆ. ಎರಡು ಅಲಗಿನ ಕಟ್ಟರ್ ಇಲ್ಲದಿದ್ದರೆ ಹೊಸ ಬ್ಲೇಡ್ ಸಾಕು. ಅಡಕೊತ್ತು ಬೇಡ: ಅದರಲ್ಲಿ ಹರಿತವಾದ ಅಲಗು ಒಂದೇ, ಇನ್ನೊಂದು ಮೊಂಡು, ಎಲೆ ಜಜ್ಜಿ ಹೋಗುತ್ತದೆ. ಕತ್ತರಿಸಿದ ಮೇಲೆ ಹೊತ್ತಿಸದೆ ಒಮ್ಮೆ ಎಳೆದು ನೋಡಿ. ಗಾಳಿ ಸರಾಗ ಬರಬೇಕು, ಹುಲ್ಲಿನ, ಒಣ ಕಟ್ಟಿಗೆಯ ರುಚಿ ಆಗಲೇ ಸ್ವಲ್ಪ ತಿಳಿಯುತ್ತದೆ.

ಹೊತ್ತಿಸಲು ಗ್ಯಾಸ್ ಲೈಟರ್ ಅಥವಾ ಉದ್ದ ಕಡ್ಡಿ. ಪೆಟ್ರೋಲ್ ಲೈಟರು, ಮೇಣದಬತ್ತಿಗಳ ವಾಸನೆ ಎಲೆಗೆ ಹತ್ತುತ್ತದೆ. ಕಡ್ಡಿಯ ಮದ್ದು ಪೂರ್ತಿ ಉರಿದ ನಂತರವೇ ಹತ್ತಿರ ತನ್ನಿ. ಜ್ವಾಲೆ ತುದಿಗೆ ತಾಗಬಾರದು, ಕೊಂಚ ಕೆಳಗೆ ಹಿಡಿದು ಸಿಗಾರನ್ನು ತಿರುಗಿಸುತ್ತಾ ಅಂಚೆಲ್ಲ ಸಮನಾಗಿ ಕಪ್ಪಾಗುವವರೆಗೆ ಕಾಯಿಸಿ. ಆಮೇಲೆ ಬಾಯಿಗಿಟ್ಟು, ತಿರುಗಿಸುತ್ತಲೇ ಎರಡು ಮೂರು ಸಲ ಮೆಲ್ಲಗೆ ಎಳೆಯಿರಿ. ತುದಿಗೆ ಊದಿ ನೋಡಿದರೆ ಕೆಂಡ ಉಂಗುರದಂತೆ ಸುತ್ತಲೂ ಕಾಣಬೇಕು. ಒಂದು ಕಡೆ ಮಾತ್ರ ಹೊತ್ತಿದರೆ ಮುಂದೆ ಓರೆಯಾಗಿ ಉರಿಯುತ್ತದೆ, ಹೊತ್ತದ ಕಡೆಗೆ ಮತ್ತೆ ಬೆಂಕಿ ತೋರಿಸಿ.

ಆಮೇಲಿನ ಕೆಲಸ ನಿಧಾನದ್ದು. ನಿಮಿಷಕ್ಕೊಂದು ದಮ್ಮು, ಅದಕ್ಕಿಂತ ಬೇಗ ಬೇಡ. ಕೆನ್ನೆಯೊಳಗೆ ಹೊಗೆ ತುಂಬಿಕೊಂಡು, ಎರಡು ಕ್ಷಣ ನಿಲ್ಲಿಸಿ, ಬಿಟ್ಟುಬಿಡಿ. ಉಸಿರಾಟ ಮೂಗಿನಲ್ಲಿ ತನ್ನ ಪಾಡಿಗೆ ನಡೆಯಲಿ. ಬೇಗ ಬೇಗ ಎಳೆದರೆ ಕೆಂಡದ ಬಿಸಿ ಏರಿ ಎಲೆ ಕಹಿಯಾಗುತ್ತದೆ, ಸಾವಕಾಶವಾದರೆ ಅದೇ ಎಲೆಯಲ್ಲಿ ಕೆನೆ, ಹುರಿದ ಕಡಲೆ, ಮರ, ಮೆಣಸು ಒಂದೊಂದಾಗಿ ತಿಳಿಯುತ್ತವೆ. ಮೊದಲ ಸಲಕ್ಕೇ ಇಷ್ಟೂ ತಿಳಿಯಬೇಕೆಂದಿಲ್ಲ. ಮೊದಲ ಮೂರನೇ ಭಾಗ ಹಗುರ, ನಡುವಿನದು ತುಂಬಿದ ರುಚಿ, ಕೊನೆಯದು ಬಿಸಿ ಮತ್ತು ಜೋರು. ನಡುವಿನ ಭಾಗ ದಾಟಿದ ಮೇಲೆ ನಿಲ್ಲಿಸಿದರೆ ನಷ್ಟವೇನಿಲ್ಲ. ಬೂದಿಯನ್ನು ಮತ್ತೆ ಮತ್ತೆ ಕೊಡವಬೇಡಿ. ಒಂದು ಇಂಚಿನಷ್ಟು ಬೂದಿ ತುದಿಯಲ್ಲಿದ್ದರೆ ಕೆಂಡ ತಂಪಾಗಿರುತ್ತದೆ, ಭಾರವಾದಾಗ ತಟ್ಟೆಗೆ ಒರಗಿಸಿದರೆ ತಾನೇ ಬೀಳುತ್ತದೆ. ನಡುವೆ ಆರಿಹೋದರೆ ಬೂದಿ ಉದುರಿಸಿ, ಒಳಗಿನ ಹಳೆ ಹೊಗೆ ಊದಿ ತೆಗೆದು ಮತ್ತೆ ಹೊತ್ತಿಸಬಹುದು. ಮುಗಿಸುವಾಗ ಬೀಡಿಯಂತೆ ಹೊಸಕಬೇಡಿ, ಗಬ್ಬು ನಾರುತ್ತದೆ. ತಟ್ಟೆಯಲ್ಲಿಟ್ಟರೆ ತಾನೇ ಆರುತ್ತದೆ. ಆದರೆ ತೊಗರಿ ಕಟ್ಟಿಗೆ, ಮೇವಿನ ಬಣವೆ ಇರುವ ಹಿತ್ತಲಿನಲ್ಲಿ ಅದು ಪೂರ್ತಿ ತಣ್ಣಗಾಗುವ ತನಕ ಬಿಟ್ಟು ಏಳಬೇಡಿ.

ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ, ಗಾಳಿಗೆ ಕೂತು ಸಕ್ಕರೆ ನೀರು ಕುಡಿಯಿರಿ. ನಮ್ಮ ಜಿಲ್ಲೆಯ ಇಂಡಿ ಕಡೆಯ ಲಿಂಬೆಹಣ್ಣಿನ ಶರಬತ್ತು ಇನ್ನೂ ಒಳ್ಳೆಯದು.

ಎದೆಗೆ ಎಳೆಯದಿದ್ದರೆ ಅಪಾಯವಿಲ್ಲ ಎಂಬ ಮಾತು ಸಿಗಾರ್ ಪ್ರಿಯರಲ್ಲಿ ಓಡಾಡುತ್ತದೆ. ಅದು ಸುಳ್ಳು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಸಿಗಾರ್ ಸೇದುವವರಿಗೂ ಬರುತ್ತದೆ, ಹೊಗೆ ಬಾಯಲ್ಲೇ ನಿಲ್ಲುವುದರಿಂದ ಬಾಯಿಗೇ ಪೆಟ್ಟು. ಆಂಧ್ರದ ಶ್ರೀಕಾಕುಳಂ ಕಡೆ ಹೆಂಗಸರು ಚುಟ್ಟಾದ ಹೊತ್ತಿದ ತುದಿಯನ್ನೇ ಬಾಯೊಳಗಿಟ್ಟು ಸೇದುವ ಪದ್ಧತಿಯಿದೆ, ಅಂಗುಳಿನ ಕ್ಯಾನ್ಸರ್ ಅವರಲ್ಲಿ ಎದ್ದು ಕಾಣುತ್ತದೆ. ಈಗಾಗಲೇ ಗುಟ್ಕಾ, ತಂಬಾಕು-ಸುಣ್ಣದ ಚಟ ಇರುವವರು, ಬಾಯಲ್ಲಿ ಬಿಳಿ ಮಚ್ಚೆ ಅಥವಾ ಮಾಯದ ಹುಣ್ಣು ಇರುವವರು, ಹೃದಯದ ಕಾಯಿಲೆಯವರು ಸಿಗಾರನ್ನು ಮುಟ್ಟಲೇಬಾರದು. ತಂಬಾಕಿನ ಚಟವೇ ಇಲ್ಲದವರು ಹೊಸದಾಗಿ ಶುರು ಮಾಡಲಿ ಎಂದೂ ನಾನು ಹೇಳುವುದಿಲ್ಲ. ಸೇದುವುದೇ ಖಚಿತವಾದರೆ ವರ್ಷಕ್ಕೊಮ್ಮೆ ಯಾವುದೋ ಸಂತೋಷದ ದಿನಕ್ಕೆ ಇರಲಿ, ವಾರದ ಲೆಕ್ಕಕ್ಕೆ ಬಾರದಿರಲಿ.

ಉಳಿದದ್ದನ್ನು ಇಡುವುದು ನಮ್ಮ ಸೀಮೆಯಲ್ಲಿ ದೊಡ್ಡ ಪ್ರಶ್ನೆ. ಸಿಗಾರಿಗೆ ಗಾಳಿಯಲ್ಲಿ ಶೇಕಡಾ 65ರಿಂದ 70ರಷ್ಟು ತೇವ ಬೇಕು. ಏಪ್ರಿಲ್-ಮೇನಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನದ ಗಾಳಿ ಒಣಒಣ. ಹೊರಗಿಟ್ಟ ಸಿಗಾರ್ ಕೆಲವೇ ದಿನದಲ್ಲಿ ಬಿರಿಯುತ್ತದೆ. ದುಬಾರಿ ಮರದ ಪೆಟ್ಟಿಗೆ ಬೇಡ. ರಬ್ಬರ್ ಪಟ್ಟಿಯ ಬಿಗಿ ಮುಚ್ಚಳದ ಡಬ್ಬಿ, ಅದರೊಳಗೆ ಶೇಕಡಾ 65ರ ತೇವ ಕಾಯುವ ಪೊಟ್ಟಣ ಇದ್ದರೆ ಆಯಿತು. ಸಿಗಾರ್ ಮಾರುವ ಅಂಗಡಿಗಳಲ್ಲೇ ಈ ಪೊಟ್ಟಣ ಸಿಗುತ್ತದೆ. ಒದ್ದೆ ಹತ್ತಿ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಫ್ರಿಜ್ಜಿನ ಗಾಳಿ ಎಲೆಯನ್ನು ಒಣಗಿಸುತ್ತದೆ, ಅಡುಗೆಯ ವಾಸನೆಯೂ ಹತ್ತುತ್ತದೆ. ಜೋಳಕ್ಕೆ ಹಗೇವು ಇದ್ದಂತೆ ಇದಕ್ಕೂ ತಂಪಾದ ಕತ್ತಲೆ ಬೇಕು, ಮಣ್ಣಿನ ಮಾಳಿಗೆ ಮನೆಯ ಒಳಕೋಣೆ ಸಿಮೆಂಟ್ ಕೋಣೆಗಿಂತ ಮೇಲು. ಮಸಾಲೆ ಡಬ್ಬಿಯ ಹತ್ತಿರ ಇಡಬೇಡಿ: ಒಣಮೆಣಸಿನಕಾಯಿ, ಅರಿಸಿನಕ್ಕೆ ಬೀಳುವ ಕಂದು ಹುಳವೇ ತಂಬಾಕನ್ನೂ ಕೊರೆಯುತ್ತದೆ, ಸೆಕೆ ಏರಿದಂತೆ ಅದರ ಮೊಟ್ಟೆ ಒಡೆಯುತ್ತದೆ. ತೂತು ಕಂಡರೆ ಆ ಸಿಗಾರನ್ನು ಎಸೆದು, ಉಳಿದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಮೂರು ದಿನ ಫ್ರೀಜರಿನಲ್ಲಿ, ಒಂದು ದಿನ ಕೆಳಗಿನ ಖಾನೆಯಲ್ಲಿ ಇಟ್ಟು, ಆಮೇಲೆ ಹೊರಗೆ ತೆಗೆದು ಮತ್ತೆ ಡಬ್ಬಿಗೆ ಹಾಕಿ. ಒಮ್ಮೆಲೇ ಬಿಸಿಗೆ ತಂದರೆ ಹೊರ ಎಲೆ ಸೀಳುತ್ತದೆ.