ಹಚ್ಚೆಯೂ ಅದರ ನಿವಾರಣೆಯೂ

ಹಚ್ಚೆಯೆಂಬುದು ಪಚ್ಚೆಯೆಂಬ ಶಬ್ದದ ರೂಪಾಂತರವು. ಹಳಗನ್ನಡದ ಪಕಾರವು ಹಕಾರವಾದುದಕ್ಕೆ ಇದೂ ಒಂದು ಉದಾಹರಣೆ. ತಮಿಳಿನಲ್ಲಿ ಇಂದಿಗೂ ‘ಪಚ್ಚೈ’ ಎಂದೇ ವ್ಯವಹಾರ. ಆದರೆ ಕೊರವಂಜಿಯರು ಸೂಜಿಯಿಂದ ಚುಚ್ಚುತ್ತಿದ್ದುದು ದೀಪದ ಕಾಡಿಗೆಯನ್ನು. ಕಪ್ಪಿಗೆ ಹಸುರೆಂಬ ಹೆಸರು ಬಂದುದೇಕೆ? ಮಸಿಯ ಕಣಗಳು ಒಳದೊಗಲಿನಲ್ಲಿ ನಿಲ್ಲುವುವು. ಮೇಲಣ ಪದರಗಳು ಬೆಳಕನ್ನು ಚದರಿಸುವುದರಿಂದ ಆ ಕಪ್ಪು ನೀಲಹರಿತವಾಗಿ ತೋರುವುದು.

ಈ ಆಳವೇ ನಿವಾರಣೆಗೂ ತೊಡಕು. ಮೇಲ್ದೊಗಲು ಉದುರಿ ಹೊಸದಾಗುವುದು, ಒಳದೊಗಲು ಹಾಗಲ್ಲ. ಸುಣ್ಣ ಕ್ಷಾರಗಳಿಂದ ಸುಟ್ಟರೆ ಹಚ್ಚೆಗೆ ಪ್ರತಿಯಾಗಿ ಗಾಯದ ಕಲೆಯುಳಿಯುವುದು. ಸುಶ್ರುತಸಂಹಿತೆಯ ವ್ರಣಚಿಕಿತ್ಸೆಯಲ್ಲಿ ಹೇಳಿದ ೬೦ ಉಪಕ್ರಮಗಳೊಳಗೆ ಪಾಂಡುಕರ್ಮವೆಂಬುದುಂಟು. ಅದು ಮಾಯ್ದ ಗಾಯದ ಕಪ್ಪನ್ನು ತಿಳಿಗೊಳಿಸುವ ಕ್ರಮವೇ ಹೊರತು ಹೊಕ್ಕ ಮಸಿಯನ್ನು ತೆಗೆಯುವುದಲ್ಲ.

ಈಗ ಬೆಂಗಳೂರಿನ ವೈಟ್‌ಫೀಲ್ಡ್ ಮೊದಲಾದೆಡೆಗಳಲ್ಲಿ ಚರ್ಮವೈದ್ಯರು ಲೇಸರ್ ಕಿರಣದ ಅತಿಸೂಕ್ಷ್ಮಕಾಲದ ಹೊಡೆತದಿಂದ ಕಣಗಳನ್ನು ಒಡೆಯುವರು. ಚೂರುಗಳನ್ನು ದೇಹವೇ ಮೆಲ್ಲನೆ ಸಾಗಿಸಬೇಕಾದುದರಿಂದ, ವಾರಗಳ ಅಂತರವಿಟ್ಟು ಹಲವು ಸರತಿ ಚಿಕಿತ್ಸೆ ನಡೆಯುವುದು. ಕಪ್ಪು ಮೈಬಣ್ಣದವರಿಗೆ ೧೦೬೪ ನ್ಯಾನೋಮೀಟರಿನ ಕಿರಣವು ಕ್ಷೇಮತರ. ಅಜ್ಜಿಯ ಕಾಲದ ಕಾಡಿಗೆಯ ಹಚ್ಚೆಯು ಇದಕ್ಕೆ ಸುಲಭವಾಗಿ ಮಣಿಯುವುದು. ಹುಬ್ಬು ತುಟಿಗಳ ನವೀನ ಶಾಶ್ವತಾಲಂಕಾರದಲ್ಲಾದರೋ ಕಬ್ಬಿಣದ ಆಕ್ಸೈಡು, ಟೈಟೇನಿಯಂ ಬಿಳುಪು ಮೊದಲಾದುವು ಬೆರೆತಿರುವುದುಂಟು. ಅಂತಹ ಬಣ್ಣವು ಕಿರಣ ತಗುಲಿದೊಡನೆಯೇ ಕರ್ರಗಾಗಬಹುದು. ಆದಕಾರಣ ಕಾಣದೆಡೆಯ ಚುಕ್ಕೆಯೊಂದರಲ್ಲಿ ಮೊದಲು ಪರೀಕ್ಷಿಸುವುದು ವಿಹಿತ. ಚುಚ್ಚಿದ ಬಣ್ಣ ಯಾವುದೆಂದು ಅರಿಯದೆ ಅಳಿಸಹೊರಡುವುದು ಯುಕ್ತವಲ್ಲ.