ಇಂಕಿನಲ್ಲಿ ಬರೆಯುವ ವೈರು

ಇಂಕ್‌ಜೆಟ್ ಪ್ರಿಂಟರ್ ಅಂದ ಕೂಡಲೇ ನಮಗೆ ಫೋಟೋ, ಅರ್ಜಿ ಫಾರಂ ಇಷ್ಟೇ ನೆನಪಾಗುತ್ತೆ, ಅಲ್ಲವೇ? ಅದೇ ಜಾತಿಯ ಯಂತ್ರಕ್ಕೆ ಬಣ್ಣದ ಬದಲು ಬೆಳ್ಳಿಯ ಇಂಕು ತುಂಬಿ ಪ್ಲಾಸ್ಟಿಕ್ ಹಾಳೆಯ ಮೇಲೆ ಗೆರೆ ಎಳೆದರೆ ಅದು ವೈರು ಆಗುತ್ತೆ! ಇದಕ್ಕೆ ಪ್ರಿಂಟೆಡ್ ಎಲೆಕ್ಟ್ರಾನಿಕ್ಸ್ ಎಂದು ಹೆಸರು. ಆದರೆ ಹನಿಯನ್ನು ಸರಿಯಾದ ಜಾಗಕ್ಕೆ ಬೀಳಿಸಿ ಅಲ್ಲೇ ನಿಲ್ಲಿಸೋದು ಬಲು ಕಷ್ಟ.

'ಅ' ಅಕ್ಷರದಲ್ಲಿ ಒಂದು ಚುಕ್ಕೆ ಬಿಟ್ಟುಹೋದರೂ ನಾವು 'ಅ' ಅಂತಲೇ ಓದುತ್ತೇವೆ. ವೈರಿನಲ್ಲಿ ಕೂದಲೆಳೆಯಷ್ಟು ಬಿಟ್ಟರೂ ಕರೆಂಟ್ ಅಲ್ಲೇ ನಿಲ್ಲುತ್ತೆ. ಪಕ್ಕದ ಗೆರೆಗೆ ತಗುಲಿದರೆ ಶಾರ್ಟ್ ಸರ್ಕ್ಯೂಟ್. ಆ ಹಾಳೆ ಬೆಳ್ಳಿ ಸಮೇತ ಕಸದ ಬುಟ್ಟಿಗೆ.

ಹನಿ ಎಷ್ಟು ಸಣ್ಣದು ಗೊತ್ತೆ? ಸುಮಾರು 10 ಪಿಕೋಲೀಟರ್. ಡ್ರಾಪರ್‌ನಿಂದ ಬೀಳುವ ಒಂದು ಹನಿ 0.05 ಮಿಲಿಲೀಟರ್ ಎಂದುಕೊಂಡರೆ, ಅದರಲ್ಲಿ ಇಂಥವು 50 ಲಕ್ಷ ಆಗುತ್ತವೆ (ಲೆಕ್ಕ ಮಾಡಿ ನೋಡಿ). ಒಂದರ ಅಡ್ಡಗಲ ಸುಮಾರು 27 ಮೈಕ್ರಾನ್. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್.

ಈಗ ಹತ್ತನೇ ತರಗತಿಯವರ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತೆ. ತೂತಿನಿಂದ ಹಾಳೆಗೆ 1 ಮಿಲಿಮೀಟರ್ ದೂರ. ಹನಿ ಒಂದೇ ಒಂದು ಡಿಗ್ರಿ ಓರೆಯಾಗಿ ಹೊರಟಿತು ಎನ್ನಿ. ಟ್ಯಾನ್ 1 ಡಿಗ್ರಿ ಅಂದರೆ 0.0175. ಹನಿ 17 ಮೈಕ್ರಾನ್ ಆಚೆ ಬಿತ್ತು, ಅಂದರೆ ತನ್ನ ಅರ್ಧ ಮೈಗಿಂತ ಹೆಚ್ಚು! ತೂತಿನ ಬಾಯಲ್ಲಿ ಚೂರು ಇಂಕು ಒಣಗಿ ಅಂಟಿದ್ದರೂ ಹೀಗಾಗುತ್ತೆ. ಅದಕ್ಕೇ ಬಾಯಿ ಒರೆಸುತ್ತಿರಬೇಕು, ಹಾಳೆಗೆ ಹತ್ತಿರ ಇಡಬೇಕು.

ಇನ್ನು ಹನಿಗಳ ನಡುವಿನ ಅಂತರ. ರಂಗೋಲಿ ಚುಕ್ಕಿಗಳನ್ನು ನೆನೆಸಿಕೊಳ್ಳಿ. ದೂರ ಇಟ್ಟರೆ ಬಿಡಿಬಿಡಿ ಚುಕ್ಕಿ. ಸ್ವಲ್ಪ ಹತ್ತಿರ ತಂದರೆ ಕೂಡುತ್ತವೆ, ಆದರೆ ಗೆರೆಯ ಅಂಚು ಅಲೆಅಲೆ. ಇನ್ನೂ ಹತ್ತಿರ ತಂದರೆ ನೇರ ಗೆರೆ. ಅತಿ ಹತ್ತಿರವಾದರೆ ಇಂಕು ಹೆಚ್ಚಾಗಿ ಅಲ್ಲಲ್ಲಿ ಹೆಬ್ಬಾವು ಇಲಿ ನುಂಗಿದ ಹಾಗೆ ಉಬ್ಬುತ್ತೆ. ಇದನ್ನೆಲ್ಲ 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸೋಲ್ಟ್‌ಮನ್ ಮತ್ತು ವಿವೇಕ್ ಸುಬ್ರಮಣಿಯನ್ ವಿವರಿಸಿದರು.

ನನಗೆ ಎಲ್ಲಕ್ಕಿಂತ ಮಜಾ ಅನ್ನಿಸಿದ್ದು ಕಾಫಿ ಕಲೆ. ನೆಲದ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದಾಗ ನಡುವೆ ತಿಳಿ, ಸುತ್ತ ಕಪ್ಪು ಬಳೆ. ಯಾಕೆ? ಹನಿಯ ಅಂಚು ನೆಲಕ್ಕೆ ಕಚ್ಚಿಕೊಂಡಿರುತ್ತೆ, ಬೇಗ ಆರುತ್ತೆ. ಆ ನೀರನ್ನು ತುಂಬಲು ನಡುವಿನ ನೀರು ಅಂಚಿಗೆ ಹರಿಯುತ್ತೆ, ಪುಡಿಯನ್ನೂ ಎಳೆದೊಯ್ಯುತ್ತೆ. 1997ರಲ್ಲಿ ಶಿಕಾಗೋದ ಡೀಗನ್ ಮತ್ತು ಸಂಗಡಿಗರು ಹೇಳಿದ ಕಾರಣ ಇದು. ಬೆಳ್ಳಿ ಇಂಕಿಗೂ ಇದೇ ಗತಿ: ಗೆರೆಯ ಎರಡೂ ಕಡೆ ಗದ್ದೆಯ ಬದುವಿನ ಹಾಗೆ ಬೆಳ್ಳಿ ಗುಡ್ಡೆ, ನಡುವೆ ತೆಳು. ಹಾಳೆಯನ್ನು ಬಿಸಿ ಮಾಡಿ ಬೇಗ ಒಣಗಿಸಿದರೆ ಸರಿಹೋಗುತ್ತೆ ಅಂತ ನಮಗನ್ನಿಸಬಹುದು. ಇಲ್ಲ, ಬದು ಇನ್ನೂ ಏಳುತ್ತೆ! ಬರ್ಕ್ಲಿಯವರು ಹಾಳೆಯನ್ನು ತಣ್ಣಗೆ ಇಟ್ಟು ಅದನ್ನು ಕಡಿಮೆ ಮಾಡಿದರು. ಕಾಯಿಸುವುದು ಒಣಗಿದ ಮೇಲೆ, ಬೆಳ್ಳಿ ಕಣಗಳು ಒಂದಕ್ಕೊಂದು ಬೆಸೆಯಲಿ ಅಂತ.

ಟ್ರಾನ್ಸಿಸ್ಟರ್ ಪ್ರಿಂಟ್ ಮಾಡಲು ಎರಡು ಗೆರೆಗಳ ನಡುವೆ 5 ಮೈಕ್ರಾನ್ ಸಂದು ಬೇಕಾಯಿತು. 27 ಮೈಕ್ರಾನ್ ಹನಿಯಿಂದ ಅದು ಹೇಗೆ ಸಾಧ್ಯ? 2000ದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಸಿರಿಂಗ್‌ಹಾಸ್ ಮತ್ತು ಜೊತೆಯವರು ಒಂದು ಉಪಾಯ ಮಾಡಿದರು. ಕೆಸುವಿನ ಎಲೆಗೆ ನೀರು ಅಂಟಲ್ಲ ನೋಡಿ, ಹಾಗೆ ನೀರನ್ನು ದೂರ ಮಾಡುವ ಸಣ್ಣ ಪಟ್ಟಿಯನ್ನು ಗಾಜಿನ ಮೇಲೆ ಮೊದಲೇ ಮಾಡಿದರು. ನೀರಿನಲ್ಲಿ ಕಲಸಿದ, ಕರೆಂಟ್ ಹರಿಯುವ ಪ್ಲಾಸ್ಟಿಕ್ಕಿನ ಇಂಕು ಪಟ್ಟಿಯ ಆಚೆ ಈಚೆ ನಿಂತಿತು, ನಡುವೆ 5 ಮೈಕ್ರಾನ್ ಸಂದು ಉಳಿಯಿತು. ಹನಿ ಸ್ವಲ್ಪ ಗುರಿ ತಪ್ಪಿದರೂ ಪಟ್ಟಿಯೇ ತಿದ್ದಿತು. ಆದರೆ ಆ ಪಟ್ಟಿಯನ್ನು ಪ್ರಿಂಟರ್‌ನಲ್ಲಿ ಮಾಡಲಾಗಲಿಲ್ಲ, ಚಿಪ್ ಕಾರ್ಖಾನೆಯವರ ಬೆಳಕಿನ ಅಚ್ಚನ್ನೇ ಬಳಸಬೇಕಾಯಿತು. ಅದು ದುಬಾರಿ ಕೆಲಸ.