ಗಾಜಿನ ಬಟ್ಟಲಲ್ಲಿ ಗಂತಿಯ ಬೇಸಾಯ

ಮೈಸೂರು ರಸ್ತೆಯ ಕಮಾನನ್ನು ದಾಟಿ ರಾಜರಾಜೇಶ್ವರಿನಗರದೊಳಕ್ಕೆ ನಡೆಯುವವರಲ್ಲಿ ದೇವಿಯ ದರ್ಶನಾರ್ಥಿಗಳು ಅನೇಕರು. ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಎಂದು ತಿಳಿದ ಮೇಲೆ ಹರಕೆ ಹೊತ್ತು ಬರುವವರೂ ಅವರಲ್ಲಿರುತ್ತಾರೆ. ಮರುದಿನ ಅವರ ಪಯಣ ಹೊಸೂರು ರಸ್ತೆಯ ಕಿದ್ವಾಯಿ ಆಸ್ಪತ್ರೆಗೋ, ಮತ್ತೊಂದಕ್ಕೋ. ವೈದ್ಯರ ಮುಂದೆ ಕುಳಿತಾಗ ಹೊರಡುವ ಪ್ರಶ್ನೆ ಒಂದೇ: “ಡಾಕ್ಟರೇ, ಈ ಮದ್ದು ನಾಟೀತೇ?”

“ಹಲವರಿಗೆ ನಾಟಿದೆ” ಎಂದು ವೈದ್ಯರು ಹೇಳಬಲ್ಲರು. “ನಿಮಗೂ ನಾಟುತ್ತದೆ” ಎಂದು ಆಣೆಯಿಟ್ಟು ಹೇಳಲಾರರು. ಒಂದೇ ಹೆಸರಿನ ಅರ್ಬುದವೂ ಒಬ್ಬೊಬ್ಬರ ಒಡಲಲ್ಲಿ ಒಂದೊಂದು ಗುಣವನ್ನು ತಳೆಯುತ್ತದೆ. ಮದ್ದು ನಾಟದಿದ್ದರೂ ವಾಂತಿ, ನಿತ್ರಾಣಗಳು ತಪ್ಪವು. ಹಣ ಕರಗುವುದೂ ತಪ್ಪದು. ಎಲ್ಲಕ್ಕೂ ಮಿಗಿಲಾಗಿ, ಮರಳಿ ಬಾರದ ತಿಂಗಳುಗಳು ಕೈಬಿಟ್ಟುಹೋಗುತ್ತವೆ. ರೋಗಿಯ ಮೈಗೆ ಏರಿಸುವ ಮೊದಲೇ ಔಷಧವನ್ನು ಒರೆಗೆ ಹಚ್ಚುವ ಬಗೆಯಿಲ್ಲವೇ?

ದೋಸೆ ಮತ್ತು ಮುದ್ದೆ

೧೯೫೧ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಮಹಿಳೆಯ ಗಂತಿಯಿಂದ ತೆಗೆದ ಜೀವಕೋಶಗಳನ್ನು ಜಾರ್ಜ್ ಗೇ ಅವರ ಪ್ರಯೋಗಶಾಲೆಯಲ್ಲಿ ಬೆಳೆಸಲಾಯಿತು. ಆಕೆ ಅದೇ ವರ್ಷ ತೀರಿಕೊಂಡರು. ಆಕೆಯ ಒಪ್ಪಿಗೆಯನ್ನೇ ಕೇಳದೆ ಪಡೆದ ಆ ಕೋಶಗಳು ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಅಂದಿನಿಂದ ಇಂಥ ಕೋಶಗಳ ಮೇಲೆ ಲೆಕ್ಕವಿಲ್ಲದಷ್ಟು ಔಷಧಗಳ ಪರೀಕ್ಷೆ ನಡೆಯಿತು.

ಆದರೆ ಬಟ್ಟಲಿನ ತಳದಲ್ಲಿ ಕೋಶಗಳು ಒಂದೇ ತೆಳು ಪದರವಾಗಿ ಹರಡುತ್ತವೆ. ಕಾವಲಿಯ ಮೇಲಿನ ದೋಸೆಗೆ ಎಲ್ಲೆಡೆ ಕಾವು ತಾಕುವಂತೆ ಎಲ್ಲ ಕೋಶಗಳಿಗೂ ಮದ್ದು ತಾಕುತ್ತದೆ. ಒಡಲಿನ ಗಂತಿಯಾದರೋ ಮುದ್ದೆಯಂತೆ. ನಡುವಿನ ಹಿಟ್ಟುಗಂಟು ಬೇಯದೆ ಉಳಿಯುತ್ತದೆ. ರಕ್ತನಾಳದಿಂದ ಹೊರಟ ಆಮ್ಲಜನಕ ಮಿಲಿಮೀಟರಿನ ಹತ್ತರಲ್ಲೊಂದು, ಹೆಚ್ಚೆಂದರೆ ಐದರಲ್ಲೊಂದು ಪಾಲು ದೂರವನ್ನಷ್ಟೇ ಕ್ರಮಿಸಬಲ್ಲುದು. ಅದರಾಚೆಯ ಕೋಶಗಳು ಹಸಿದು, ವೃದ್ಧಿಯನ್ನು ನಿಲ್ಲಿಸಿ, ನಿದ್ರಿಸುವಂತಿರುತ್ತವೆ. ಬಹಳಷ್ಟು ಔಷಧಗಳು ವೃದ್ಧಿಯಾಗುವ ಕೋಶಗಳನ್ನೇ ಹೊಡೆಯುವುದರಿಂದ ಈ ನಿದ್ರಿತರು ಪಾರಾಗುತ್ತಾರೆ. ಬಟ್ಟಲಲ್ಲಿ ಗೆದ್ದ ಮದ್ದು ರೋಗಿಯಲ್ಲಿ ಸೋಲಲು ಇದೂ ಒಂದು ಕಾರಣ.

ಆದ್ದರಿಂದ ಗಂತಿಯನ್ನು ಗುಂಡಾಗಿಯೇ ಬೆಳೆಸುವ ಯತ್ನ ನಡೆಯಿತು. ೧೯೭೦ರ ಸುಮಾರಿಗೆ ರಾಬರ್ಟ್ ಸದರ್ಲೆಂಡ್ ಮತ್ತು ಸಂಗಡಿಗರು ಕೋಶಗೋಲಗಳನ್ನು ಬೆಳೆಸಿದರು. ಕೋಶಗಳು ಅಂಟದ ಕುಳಿಯಲ್ಲಿಟ್ಟರೆ, ಅಥವಾ ತಲೆಕೆಳಗಾಗಿ ತೂಗುವ ಹನಿಯಲ್ಲಿರಿಸಿದರೆ, ಅವು ತಾವಾಗಿಯೇ ಒಂದನ್ನೊಂದು ಹಿಡಿದು ಉಂಡೆಗಟ್ಟುತ್ತವೆ. ಇಲಿಯ ಗಂತಿಯೊಂದರಿಂದ ತೆಗೆದ ಲೋಳೆಯೂ ಉಂಟು: ತಂಪಿನಲ್ಲಿ ದ್ರವ, ಮೈಬಿಸಿಗೆ ಹೆಪ್ಪು. ಅದರಲ್ಲಿ ಹುದುಗಿದ ಕೋಶಗಳು ಎಲ್ಲ ದಿಕ್ಕಿಗೂ ಬೆಳೆಯುತ್ತವೆ. ೨೦೦೯ರಲ್ಲಿ ನೆದರ್ಲೆಂಡ್ಸ್‌ನ ಹನ್ಸ್ ಕ್ಲೆವರ್ಸ್ ಮತ್ತು ತೊಶಿರೊ ಸಾಟೊ ಇಂಥ ಲೋಳೆಯಲ್ಲಿ ಇಲಿಯ ಒಂದೇ ಮೂಲಕೋಶದಿಂದ ಕರುಳಿನ ಕಿರು ರೂಪವನ್ನೇ ಬೆಳೆಸಿ ತೋರಿಸಿದರು.

ಬೆಂಗಳೂರಿನ ಸಾಹಸ

ಬೆಂಗಳೂರಿನ ಮಿತ್ರಾ ಬಯೋಟೆಕ್ ಸಂಸ್ಥೆಯ ವಿಜ್ಞಾನಿಗಳು ಮತ್ತೊಂದು ಹಾದಿ ಹಿಡಿದರು. ಬೀಜ ಬಿತ್ತಿ ಬೆಳೆಸುವ ಬದಲು, ಸಸಿಯನ್ನು ಬೇರಿನ ಮಣ್ಣಿನೊಡನೆಯೇ ಕುಂಡಕ್ಕೆ ತಂದಂತೆ, ರೋಗಿಯ ಗಂತಿಯ ತುಣುಕನ್ನೇ ಜೀವಂತವಾಗಿ ಉಳಿಸಿಕೊಂಡರು. ಗಂತಿಯ ಬಗೆಗೆ ಹೊಂದುವ ಪ್ರೋಟೀನಿನ ಹಾಸು, ಅದೇ ರೋಗಿಯ ರಕ್ತದ ಸೀರಮ್ಮು, ಇವೇ ಅದಕ್ಕೆ ಆಸರೆ. ೨೦೧೫ರಲ್ಲಿ ಪ್ರಕಟವಾದ ವರದಿಯಂತೆ, ೧೦೯ ರೋಗಿಗಳ ತುಣುಕುಗಳಿಂದ ಗಣಕಯಂತ್ರಕ್ಕೆ ಪಾಠ ಹೇಳಿ, ಬಳಿಕ ಬೇರೆ ೫೫ ಮಂದಿಯಲ್ಲಿ ಪರೀಕ್ಷಿಸಲಾಯಿತು. ಮದ್ದು ನಾಟಿದವರಲ್ಲಿ ಒಬ್ಬರನ್ನೂ ಅದು ಬಿಟ್ಟುಬಿಡಲಿಲ್ಲ. ಆದರೆ ನಾಟದವರನ್ನು ಗುರುತಿಸುವಲ್ಲಿ ಅಷ್ಟೇ ಪರಿಪೂರ್ಣವಾಗಿರಲಿಲ್ಲ.

ಕುಂಡದ ಸಸಿ ತೋಟದ ಮರವಲ್ಲ ಎಂಬುದನ್ನು ಮರೆಯಲಾಗದು. ಬಟ್ಟಲಿನಲ್ಲಿ ಹರಿಯುವ ರಕ್ತವಿಲ್ಲ. ಮದ್ದನ್ನು ಮಾರ್ಪಡಿಸುವ ಯಕೃತ್ತಿಲ್ಲ. ಆದರೂ ೨೦೨೩ರಲ್ಲಿ ಭಾರತ ಸರ್ಕಾರ ಹೊಸ ಔಷಧಗಳ ನಿಯಮಗಳನ್ನು ತಿದ್ದಿ, ಮಾನವ ಪ್ರಯೋಗಕ್ಕೆ ಮುಂಚಿನ ಪರೀಕ್ಷೆಗಳಲ್ಲಿ ಇಂಥ ಮೂರು ಆಯಾಮದ ಕಿರು ಅಂಗಗಳಿಗೂ ಎಡೆ ಕೊಟ್ಟಿತು.

ಹರಕೆ ಹೊತ್ತವರ ಪ್ರಶ್ನೆಗೆ ಪೂರ್ಣ ಉತ್ತರ ಇನ್ನೂ ದೊರೆತಿಲ್ಲ. ಆದರೆ ಸಾಸಿವೆ ಕಾಳಿಗಿಂತಲೂ ಕಿರಿದಾದ ಒಂದು ಉಂಡೆ, ರೋಗಿಯ ಪರವಾಗಿ ಮದ್ದಿನ ಮೊದಲ ಕಹಿಯನ್ನು ತಾನೇ ಉಣ್ಣಲು ಕಲಿತಿದೆ.